ಟರ್ನೋವರ್ ಬೇಡ, ಉಳಿದದ್ದೆಷ್ಟು ಹೇಳ್ರಪ್ಪ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ನಮ್ಮ ಹುಡುಗರೂ ಈಗ ಸ್ಟಾರ್ಟಪ್ ಅಂತ ಹೊರಟಿದ್ದಾರೆ, ಸಂತೋಷ. ಆದರೆ ಸ್ಟೇಟಸ್ಸಿನಲ್ಲಿ ಬರೀ ಟರ್ನೋವರ್. ಬಾಡಿಗೆ, ಸಂಬಳ, ಬಡ್ಡಿ ಕಳೆದು ಉಳಿದದ್ದೆಷ್ಟು ಅಂದ್ರೆ ಮಾತಿಲ್ಲ. ದಿನವಿಡೀ ವೋಚರ್ ಜೋಡಿಸೋ ಗುಮಾಸ್ತ ನಾನು, ಕೇಳದೆ ಇರೋಕಾಗಲ್ಲ.

ಈ ಚಟ ಬೆಂಗಳೂರಿನದು. 2022ರಲ್ಲಿ ಹೂಡಿಕೆದಾರರು ಬೈಜೂಸ್‌ಗೆ ಕಟ್ಟಿದ ಬೆಲೆ 2,200 ಕೋಟಿ ಡಾಲರ್. ಅದೇ ಸೆಪ್ಟೆಂಬರಿನಲ್ಲಿ 2020-21ರ ಲೆಕ್ಕ ಹೊರಬಿತ್ತು, ಆ ವರ್ಷ ಮುಗಿದು ಒಂದೂವರೆ ವರ್ಷದ ಮೇಲೆ! ನಷ್ಟ 4,500 ಕೋಟಿ ರೂಪಾಯಿಗೂ ಹೆಚ್ಚು. 2023ರ ಜೂನ್‌ನಲ್ಲಿ ಆಡಿಟರ್ ಡೆಲಾಯ್ಟ್ ರಾಜೀನಾಮೆ ಕೊಟ್ಟಿತು. ನಮ್ಮವನು ಮೂರು ಕಂತು ತಪ್ಪಿಸಿದರೆ ಸಾಕು, ಸಾಲ ಕೊಟ್ಟವರು ಬಾಗಿಲಿಗೆ ಬರ್ತಾರೆ.

ಬಾಬಾಸಾಹೇಬರೂ ಒಂದು ಉದ್ಯಮ ಶುರು ಮಾಡಿದ್ದರು, ಎಷ್ಟು ಜನಕ್ಕೆ ಗೊತ್ತು? ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿದವರು. 1917ರಲ್ಲಿ ಬರೋಡದ ಅವಮಾನ ಉಂಡು ಮುಂಬೈಗೆ ಬಂದ ಮೇಲೆ, ಷೇರು ವ್ಯಾಪಾರಿಗಳಿಗೆ ಸಲಹೆ ಕೊಡುವ ಸಂಸ್ಥೆ ತೆರೆದರು. ಗಿರಾಕಿಗಳು ಬಂದರು. ಅಸ್ಪೃಶ್ಯರದು ಅಂತ ತಿಳಿದದ್ದೇ ತಡ, ಬರೋದು ನಿಂತಿತು. ಮುಚ್ಚಬೇಕಾಯ್ತು.

ಆ ನಷ್ಟದ ಬಾಬ್ತು ಜಾತಿ. ಇವತ್ತು ಕೇರಿಯ ಹುಡುಗ ಹೋಟೆಲಿಟ್ಟು ಮುಚ್ಚಿದರೆ, ಎಣ್ಣೆ ದರ ಹೊಡೆಯಿತೋ, ಯಾರ ಹೋಟೆಲೆಂದು ತಿಳಿದು ಜನ ಬರಲಿಲ್ಲವೋ? ಲೆಕ್ಕದ ಪುಸ್ತಕ ಮುಚ್ಚಿಟ್ಟರೆ ಅದು ಗೊತ್ತಾಗೋದಾದ್ರೂ ಹೇಗೆ? ಮುಂದಿನವನೂ ಸಾಲ ಮಾಡಿ ಅದೇ ಗುಂಡಿಗೆ ಬೀಳ್ತಾನೆ.

ಏಪ್ರಿಲ್ 14ಕ್ಕೆ ಬರುವಾಗ ಬ್ಯಾನರ್ ಜೊತೆ ವರ್ಷದ ಜಮಾ-ಖರ್ಚಿನ ಹಾಳೇನೂ ತನ್ನಿ. ಕೂತು ನೋಡೋಣ, ಫೀಸಿಲ್ಲ.