ಡಿಸೆಂಬರ್ 3ರ ಹಬ್ಬ: ಸಂತ ಫ್ರಾನ್ಸಿಸ್ ಝೇವಿಯರರ ದೇಹವೋ, ಮರಣವೋ?

ಬೀಡಿ, ನಂದಗಡ, ಲೋಂಡಾಗಳನ್ನು ಒಳಗೊಂಡ ಖಾನಾಪುರ ತಾಲ್ಲೂಕಿನಿಂದಲೂ ಬೆಳಗಾವಿಯಿಂದಲೂ ಕ್ರೈಸ್ತ ಯಾತ್ರಿಕರು ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆಂದು ಘಟ್ಟ ಇಳಿದು ಹಳೆ ಗೋವಾಕ್ಕೆ ನಡೆದು ಹೋಗುತ್ತಾರೆ. ಬೆಳಗಾವಿಗೆ ಸ್ವಂತ ಧರ್ಮಪ್ರಾಂತ್ಯ ದೊರೆತದ್ದು 1953ರಲ್ಲಿ; ಗೋವಾದೊಂದಿಗಿನ ಧಾರ್ಮಿಕ ನಂಟು ಅದಕ್ಕಿಂತ ಬಹಳ ಹಳೆಯದು. ಸಂತರ ಜೀವನದ ಮುಖ್ಯ ಘಟ್ಟಗಳಲ್ಲಿ ವಿವಾದವಿಲ್ಲ. 1506ರಲ್ಲಿ ಜನನ, 1542ರ ಮೇ 6ರಂದು ಗೋವಾಕ್ಕೆ ಆಗಮನ, 1552ರಲ್ಲಿ ಚೀನಾದ ಕರಾವಳಿಯಾಚೆಯ ಸಾಂಶಿಯನ್ ದ್ವೀಪದಲ್ಲಿ ಮರಣ, 1622ರ ಮಾರ್ಚ್ 12ರಂದು ಸಂತ ಪದವಿ. ಮರಣದ ದಿನ ಡಿಸೆಂಬರ್ 2 ಎಂದು ಹಿಂದಿನ ಕೆಲವು ಚರಿತ್ರಕಾರರು ಬರೆದಿದ್ದರು. ಗಿಯೋರ್ಗ್ ಶೂರ್‌ಹ್ಯಾಮರ್ ಅವರ ಬೃಹತ್ ಜೀವನಚರಿತ್ರೆ 3ರ ಬೆಳಗಿನ ಜಾವವನ್ನು ಒಪ್ಪುತ್ತದೆ.

ಭಿನ್ನಾಭಿಪ್ರಾಯವಿರುವುದು ಹಬ್ಬದ ತಿರುಳಿನ ಬಗ್ಗೆ. ಪಮೀಲಾ ಗುಪ್ತಾ ಅವರು 'ದಿ ರೆಲಿಕ್ ಸ್ಟೇಟ್' (2014) ಕೃತಿಯಲ್ಲಿ 1554ರಿಂದ 1952ರವರೆಗಿನ ಐದು ಸಂದರ್ಭಗಳನ್ನು ಆಯ್ದುಕೊಂಡು, ಸಂತರ ದೇಹದ ಸುತ್ತ ಬೆಳೆದ ಆಚರಣೆಗೂ ಪೋರ್ಚುಗೀಸ್ ಆಳ್ವಿಕೆಯ ಏಳುಬೀಳಿಗೂ ಇದ್ದ ಸಂಬಂಧವನ್ನು ಬಿಡಿಸಿ ತೋರಿಸಿದ್ದಾರೆ. ದೇಹದರ್ಶನದ, ಅಂದರೆ ದೇಹವನ್ನು ಜನರ ದರ್ಶನಕ್ಕಿಡುವ ಆಚರಣೆಯ, ಮಟ್ಟಿಗೆ ಅವರ ವಾದವನ್ನು ಅಲ್ಲಗಳೆಯುವುದು ಕಷ್ಟ. ಆದರೆ ದೇಹದರ್ಶನವನ್ನು ಕುರಿತ ಈ ಮಾತನ್ನು ವಾರ್ಷಿಕ ಹಬ್ಬಕ್ಕೂ ಹಾಗೆಯೇ ಅನ್ವಯಿಸುವ ರೂಢಿ ಬೆಳೆದಿದೆ. ಕೆಡದೆ ಉಳಿದಿದೆ ಎನ್ನಲಾಗುವ ದೇಹವಿಲ್ಲದಿದ್ದರೆ ಹಬ್ಬವೇ ಇರುತ್ತಿರಲಿಲ್ಲ ಎಂಬಂತೆ ಬರೆಯಲಾಗುತ್ತದೆ. ನನ್ನ ತಕರಾರು ಇದಕ್ಕೆ. ದರ್ಶನ ನಡೆಯುವುದು ಸುಮಾರು ಹತ್ತು ವರ್ಷಕ್ಕೊಮ್ಮೆ. ಕಳೆದ ಬಾರಿಯದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು. ಹಬ್ಬವಾದರೋ ಪ್ರತಿ ವರ್ಷವೂ ಬರುತ್ತದೆ. ಉಳಿದ ವರ್ಷಗಳಲ್ಲಿ ದೇಹವು ಬೊಮ್ ಜೀಸಸ್ ಬೆಸಿಲಿಕಾದ ಎತ್ತರದ ಸಮಾಧಿಪೀಠದ ಮೇಲೆ ಬೆಳ್ಳಿಯ ಪೆಟ್ಟಿಗೆಯಲ್ಲಿರುತ್ತದೆ, ಕೈಗೆಟುಕುವುದಿಲ್ಲ. ಆಗಲೂ ಯಾತ್ರೆ ನಿಲ್ಲುವುದಿಲ್ಲ.

ದಿನಾಂಕವನ್ನೇ ಮೊದಲು ವಿಚಾರಿಸೋಣ. ನಮ್ಮ ಭಾಗದ ಮಠಗಳಲ್ಲಿ ಗದ್ದುಗೆಯಿರುವ ಜಾಗ, ಪುಣ್ಯಾರಾಧನೆಯ ತಿಥಿ ಎರಡೂ ಸಾಮಾನ್ಯವಾಗಿ ಒಬ್ಬರೇ ಗುರುವಿನ ಒಂದೇ ಮರಣಕ್ಕೆ ಹೊಂದಿಕೊಂಡಿರುತ್ತವೆ; ಯಾವುದು ಮೂಲ ಎಂದು ಕೇಳುವ ಪ್ರಮೇಯವೇ ಬರುವುದಿಲ್ಲ. ಝೇವಿಯರರ ವಿಷಯದಲ್ಲಿ ಇವೆರಡೂ ಬೇರೆಬೇರೆ. ಅವರು ತೀರಿಕೊಂಡದ್ದು ಸಾಂಶಿಯನ್‌ನಲ್ಲಿ. ದೇಹ ಮಲಾಕ್ಕಾದ ಮೂಲಕ ಗೋವಾ ಸೇರಿದ್ದು 1554ರ ಮಾರ್ಚ್ 16ರಂದು, ಗರಿಗಳ ಭಾನುವಾರಕ್ಕೆ ಎರಡು ದಿನ ಮುಂಚಿನ ಶುಕ್ರವಾರ. ದೇಹವೇ ಹಬ್ಬದ ಬೇರಾಗಿದ್ದಿದ್ದರೆ ಗೋವಾದ ಪಾಲಿಗೆ ಮಾರ್ಚ್ 16 ದೊಡ್ಡ ದಿನವಾಗಬೇಕಿತ್ತು. ಹಬ್ಬ ನಿಂತಿರುವುದು ಡಿಸೆಂಬರ್ 3ಕ್ಕೆ. ಸಂತರ ಮರಣದಿನವನ್ನೇ ಹಬ್ಬವಾಗಿಸುವುದು ಧರ್ಮಸಭೆಯ ಸಾಮಾನ್ಯ ಪದ್ಧತಿ, ಅದರಿಂದ ಏನೂ ಸಿದ್ಧವಾಗದು ಎನ್ನಬಹುದು. ಆದರೆ ಪವಿತ್ರಾವಶೇಷ ಒಂದು ಊರನ್ನು ಸೇರಿದ ದಿನವನ್ನು ಹಬ್ಬವಾಗಿಸಿದ ನಿದರ್ಶನವೂ ಅದೇ ಧರ್ಮಸಭೆಯಲ್ಲಿದೆ: 1969ರ ಪರಿಷ್ಕರಣೆಯಲ್ಲಿ ರೋಮನ್ ಪಂಚಾಂಗವು ಅಪೊಸ್ತಲ ತೋಮನ ಹಬ್ಬವನ್ನು ಜುಲೈ 3ಕ್ಕೆ ತಂದಿತು, ಅದು ಅವನ ಅವಶೇಷಗಳು ಎಡೆಸ್ಸಾ ಸೇರಿದ ನೆನಪಿನ ದಿನ. ದಾರಿ ತೆರೆದೇ ಇತ್ತು. ಝೇವಿಯರರ ಹಬ್ಬ ಆ ದಾರಿ ಹಿಡಿಯಲಿಲ್ಲ.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ಮಾರ್ಚ್ 16 ಯಾವ ವರ್ಷವೂ ತಪಸ್ಸು ಕಾಲದೊಳಗೇ ಬೀಳುತ್ತದೆ. ಉಪವಾಸದ ದಿನಗಳಲ್ಲಿ ಸಂಭ್ರಮಕ್ಕೆ ಎಡೆಯಿಲ್ಲವಾದ್ದರಿಂದ ಡಿಸೆಂಬರ್ ಉಳಿದುಕೊಂಡಿತು, ಅಷ್ಟೆ. ಈ ಮಾತಿಗೆ ತೂಕವಿದೆ. ಆದರೂ ಝೇವಿಯರರಿಗೇ ಸಂಬಂಧಿಸಿದ ಪ್ರಸಿದ್ಧ ನೊವೆನಾವೊಂದು (ಒಂಬತ್ತು ದಿನಗಳ ಪ್ರಾರ್ಥನೆ) ಮಾರ್ಚ್ 4ರಿಂದ 12ರವರೆಗೆ ನಡೆಯುತ್ತದೆ, ಅದರ ಮುಕ್ತಾಯ ಪ್ರತಿ ವರ್ಷವೂ ತಪಸ್ಸು ಕಾಲದಲ್ಲೇ. 1634ರಲ್ಲಿ ನೇಪಲ್ಸ್‌ನಲ್ಲಿ ಸಾವಿನ ದವಡೆಯಿಂದ ಪಾರಾದ ಯೇಸುಸಭೆಯ ಪಾದ್ರಿ ಮಾರ್ಸೆಲ್ಲೊ ಮಾಸ್ತ್ರಿಲ್ಲಿಯವರಿಂದ ಈ ನೊವೆನಾ ಹಬ್ಬಿತು. ಗೋವಾದ ಬೆಳ್ಳಿಯ ಪೆಟ್ಟಿಗೆ (1636–37) ಸಿದ್ಧವಾದದ್ದೂ ಅವರ ಪ್ರೇರಣೆಯಿಂದಲೇ. ದೇಹಕ್ಕೆ ಬೆಳ್ಳಿ ಹೊದಿಸಿದವರೇ ಪ್ರಾರ್ಥನೆಯ ದಿನಗಳನ್ನು ಹೊಂದಿಸಿದ್ದು ಸಂತ ಪದವಿಯ ದಿನಕ್ಕೆ. ನಾಲ್ಕೇ ದಿನ ಆಚೆಗಿದ್ದ ದೇಹಾಗಮನದ ದಿನಕ್ಕಲ್ಲ. ತಪಸ್ಸು ಕಾಲವೊಂದೇ ಅಡ್ಡಿಯಾಗಿತ್ತು ಎಂಬ ವಾದ ಇಲ್ಲಿ ಸಡಿಲವಾಗುತ್ತದೆ.

ಹಾಗಿದ್ದರೆ ಹಬ್ಬ ಸ್ಮರಿಸುವುದೇನನ್ನು? ನನ್ನ ಊಹೆಯನ್ನು, ಊಹೆಯೆಂದೇ ಗಣಿಸಬೇಕೆಂಬ ವಿನಂತಿಯೊಂದಿಗೆ, ಮುಂದಿಡುತ್ತೇನೆ: ಅದು ಸ್ಮರಿಸುವುದು ಗುರಿ ಮುಟ್ಟದ ಒಂದು ಪಯಣವನ್ನು. ಝೇವಿಯರರು ಹೊರಟದ್ದು ಚೀನಾಕ್ಕೆ. ಒಳಗೆ ಕರೆದೊಯ್ಯುವ ದೋಣಿಯನ್ನು ಕಾಯುತ್ತ, ಅಂತೋನಿಯೊ ಎಂಬ ಚೀನೀ ಕ್ರೈಸ್ತನ ಆರೈಕೆಯಲ್ಲಿ, ದಡದ ಎದುರಿನ ದ್ವೀಪದಲ್ಲೇ ಕಣ್ಣು ಮುಚ್ಚಿದರು. ಹಬ್ಬದ ದಿನದ ಬಲಿಪೂಜೆಯ ವಾಚನಗಳು ಮಾರ್ಕನ ಸುವಾರ್ತೆಯ 16ನೆಯ ಅಧ್ಯಾಯದಿಂದ, ಶಿಷ್ಯರನ್ನು ಲೋಕಕ್ಕೆಲ್ಲ ಕಳುಹಿಸುವ ಭಾಗ; ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರದ 9ನೆಯ ಅಧ್ಯಾಯದಿಂದ, ಶುಭಸಂದೇಶ ಸಾರುವುದು ತನ್ನ ಮೇಲಿರುವ ಹೊಣೆ ಎನ್ನುವ ಭಾಗ. ಎರಡರಲ್ಲೂ ಕೆಡದ ದೇಹದ ಸುಳಿವಿಲ್ಲ. ಹಬ್ಬ ಬೀಳುವುದೂ ಕ್ರಿಸ್ತನ ಬರವನ್ನು ಎದುರುನೋಡುವ ಆಗಮನ ಕಾಲದ ಮೊದಲ ದಿನಗಳಲ್ಲಿ. ಇದು ಯೋಜಿಸಿ ಮಾಡಿದ್ದಲ್ಲ, ಮರಣದ ದಿನ ಹಾಗೆ ಕೂಡಿಬಂತು. ಆದ್ದರಿಂದ ಇದನ್ನು ಪುರಾವೆಯಾಗಿ ಎಣಿಸುತ್ತಿಲ್ಲ. ಪುರಾವೆಯೆಂದು ಎಣಿಸಬಹುದಾದದ್ದು ಬೆಸಿಲಿಕಾದ ಸಮಾಧಿಪೀಠ. ಮೆದಿಚಿ ಮನೆತನದ ಮೂರನೆಯ ಕೋಸಿಮೊ ಕೊಡುಗೆಯಾಗಿ ನೀಡಿ, ಫ್ಲಾರೆನ್ಸ್‌ನ ಫೊಜ್ಜೀನಿ ರೂಪಿಸಿ, 1698ರಲ್ಲಿ ಗೋವಾದಲ್ಲಿ ನಿಂತ ಈ ಪೀಠದ ಸುತ್ತ ನಾಲ್ಕು ಕಂಚಿನ ಉಬ್ಬುಶಿಲ್ಪಗಳಿವೆ: ಬೋಧನೆ, ದೀಕ್ಷಾಸ್ನಾನ, ವಿರೋಧಿಗಳಿಂದ ಪಾರಾಗುವುದು, ಸಾಂಶಿಯನ್ ಮರಣ. ದೇಹವನ್ನು ಹೊರಲೆಂದೇ ಕಟ್ಟಿದ ಪೀಠ, ಆ ದೇಹ ಗೋವಾಕ್ಕೆ ಬಂದ ವೈಭವವನ್ನು ಆ ಕಂಚಿನಲ್ಲಿ ತೋರಿಸುವುದಿಲ್ಲ.

ದೇಹ ಅಲ್ಲಿಲ್ಲದಿದ್ದರೆ ಖಾನಾಪುರದವರು ಅಷ್ಟು ದೂರ ನಡೆಯುತ್ತಿದ್ದರೇ ಎಂಬ ಪ್ರಶ್ನೆ ಉಳಿದೇ ಇದೆ. ಪ್ರಾಯಶಃ ಇಲ್ಲ. ಯಾತ್ರೆಗೆ ಸ್ಥಳವನ್ನು ಒದಗಿಸಿದ್ದು ದೇಹ, ದಿನವನ್ನೂ ಪ್ರಾರ್ಥನೆಯ ಪಾಠವನ್ನೂ ಒದಗಿಸಿದ್ದು ಮರಣ ಎಂದು ವಿಂಗಡಿಸುವಷ್ಟಕ್ಕೆ ನನ್ನ ವಾದ ಸೀಮಿತ. ಪಂಚಾಂಗ, ಪೂಜಾವಿಧಿ, ಶಿಲ್ಪ ಇವು ಧರ್ಮಸಭೆಯ ದನಿ. ಹರಕೆ ಹೊತ್ತು ಘಟ್ಟ ಇಳಿಯುವವರ ದನಿ ಇದಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಕೊಂಕಣಿ, ಮರಾಠಿ, ಕನ್ನಡ ಮೂರರಲ್ಲೂ ಅವರ ಮಾತನ್ನು ದಾಖಲಿಸಿಕೊಂಡು, ಚರ್ಚುಗಳ ಹಳೆಯ ದಫ್ತರಗಳ ಜೊತೆಗಿಟ್ಟು ನೋಡಿಯೇ ತೀರ್ಮಾನಿಸಬೇಕು.