ಶ್ರೀಸ್ಥಾನಕದ ಕೆರೆಗಳು, ಖಾರಿಯ ರಾಜಹಂಸಗಳು



ವಾಗ್ಳೆ ಎಸ್ಟೇಟ್ ಎಂದೊಡನೆ ನೆನಪಾಗುವುದು ಕಾರ್ಖಾನೆಯ ಸೈರನ್, ಶಿಫ್ಟ್ ಮುಗಿಸಿ ರಿಕ್ಷಾಕ್ಕೆ ಕ್ಯೂ ನಿಲ್ಲುವ ಜನ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ 1962ರ ಆಗಸ್ಟ್ 1ರಂದು ಹುಟ್ಟಿದ್ದೂ ಇಲ್ಲಿಯೇ. ಆದರೆ ಈ ಶೆಡ್ಡುಗಳ ನಡುವೆ ರಾಯಲಾದೇವಿ ಕೆರೆಯೂ ಇದೆ. ಬೆಳಿಗ್ಗೆ ಬೇಗ ಹೋದರೆ ಬೆಳ್ಳಕ್ಕಿ, ನೀರುಕಾಗೆ, ಅದೃಷ್ಟವಿದ್ದರೆ ಮಿಂಚುಳ್ಳಿ ಕಾಣಸಿಗುತ್ತದೆ.

ಠಾಣೆ ಕೆರೆಗಳ ಊರು. ಶಿಲಾಹಾರರ ಕಾಲದಲ್ಲಿ ಇದಕ್ಕೆ ಶ್ರೀಸ್ಥಾನಕವೆಂಬ ಹೆಸರಿತ್ತು. ಆ ಅರಸರು ಮೊದಲಿಗೆ ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. (ಇಲ್ಲಿನ ಕನ್ನಡಿಗರು ಇಷ್ಟು ಹೆಮ್ಮೆಪಟ್ಟರೆ ತಪ್ಪಿಲ್ಲ!) ಅವರ ಕಾಲಕ್ಕೆ ಸೇರಿದವೆಂದು ಹೇಳುವ ಕೆರೆಗಳಲ್ಲಿ ಎಷ್ಟೋ ಇಂದು ಕಟ್ಟಡಗಳ ಅಡಿ ಸೇರಿವೆ.

ಹಕ್ಕಿ ನೋಡುವ ಹವ್ಯಾಸಕ್ಕೆ ಮುಂಬಯಿ ತವರುಮನೆಯಿದ್ದಂತೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1883ರಷ್ಟು ಹಳೆಯದು. 1896ರಲ್ಲಿ ಮುಂಬಯಿಯಲ್ಲೇ ಹುಟ್ಟಿದ ಸಲೀಂ ಅಲಿ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಕಟ್ಟುವ ಹಕ್ಕಿಗಳನ್ನು ಕಂಡು ಮೈಸೂರು ಅರಸರಿಗೆ ಹೇಳಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಠಾಣೆ ಖಾರಿಗೆ ಅಂಥ ರಕ್ಷಣೆ ಸಿಕ್ಕಿದ್ದು 2015ರಲ್ಲಿ, 1690 ಹೆಕ್ಟೇರಿನ ರಾಜಹಂಸ ಅಭಯಾರಣ್ಯವಾಗಿ. 2022ರಲ್ಲಿ ಎರಡೂ ರಾಮ್ಸಾರ್ ಪಟ್ಟಿ ಸೇರಿದವು. ಎಪ್ಪತ್ತೈದು ವರ್ಷ ತಡವಾಗಿ ಬಂದ ತಂಗಿ, ಅಕ್ಕನ ಪಕ್ಕದಲ್ಲೇ ಕುಳಿತಳು ಎನ್ನೋಣ.

ರಾಜಹಂಸಗಳು ಈ ಖಾರಿಗೆ ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ್ದು 1990ರ ದಶಕದಲ್ಲಿ. ಊರಿನ ಕೊಳಚೆ ಸೇರಿದ ಕೆಸರಿನಲ್ಲಿ ಪಾಚಿ ಹುಲುಸಾಗಿ ಬೆಳೆಯುತ್ತದೆ; ಅದೇ ಅವುಗಳ ಊಟ. ನಮ್ಮ ಹೊಲಸು ಅವಕ್ಕೆ ಮೃಷ್ಟಾನ್ನ! ಇಳಿತದಲ್ಲಿ ಕೆಸರು ತೆರೆದಾಗ ತಿನ್ನುತ್ತವೆ. ಉಬ್ಬರದಲ್ಲಿ ಕಾಲೂರಲು ನೆಲವಿಲ್ಲದೆ ಹತ್ತಿರದ ಕೆರೆಗಳಿಗೆ ಹಾರುತ್ತವೆ. ಆದ್ದರಿಂದ ಖಾರಿಯೊಂದನ್ನೇ ಕಾಯ್ದರೆ ಸಾಲದು. 2024ರಲ್ಲಿ ನೆರೂಳಿನ ಕೆರೆಯೊಂದಕ್ಕೆ ಖಾರಿನೀರು ಬರುವ ದಾರಿ ಮುಚ್ಚಿಹೋಗಿ ಕೆರೆ ಒಣಗಿತು, ಹಲವು ಹಂಸಗಳು ಸತ್ತವು. ಅದೇ ವರ್ಷ ಮೇ 20ರ ರಾತ್ರಿ ಘಾಟ್ಕೋಪರ್ ಬಳಿ ಹಿಂಡಿಗೆ ವಿಮಾನ ಬಡಿದು ಸುಮಾರು 40 ಹಕ್ಕಿಗಳು ನೆಲಕ್ಕುರುಳಿದವು.

ನೋಡಬೇಕೆನ್ನುವವರು ನವೆಂಬರಿನಿಂದ ಮೇ ಒಳಗೆ ಮುಲುಂಡ್ ಸೇತುವೆ ದಾಟಿ ಐರೋಲಿಗೆ ಹೋಗಿ. ಅಲ್ಲಿ ಅರಣ್ಯ ಇಲಾಖೆಯ ದೋಣಿಗಳಿವೆ. ಹೊರಡುವ ಮುನ್ನ ಉಬ್ಬರ–ಇಳಿತದ ವೇಳೆ ವಿಚಾರಿಸಿಕೊಳ್ಳಿ. ದೋಣಿ ಹೊರಡುವುದು ಅದರ ಲೆಕ್ಕದಲ್ಲೇ.