ಮಳೆಗಾಲದ ಹಬ್ಬಗಳು ಮತ್ತು ಮುಂಬಯಿ ಕನ್ನಡಿಗರು

ಕರಾವಳಿಯ ದೊಡ್ಡ ಹಬ್ಬಗಳಲ್ಲಿ ಕೃಷ್ಣಾಷ್ಟಮಿ, ಗಣೇಶ ಚೌತಿ ಎರಡೂ ಮಳೆಗಾಲಕ್ಕೇ ಸೇರಿದವು. ಮಂಗಳೂರು ಕಡೆಯಿಂದ ಮುಂಬಯಿಗೆ ದುಡಿಯಲು ಹೋದವರಿಗೆ ಇದೇ ತೊಡಕಾಗಿತ್ತು. ಕರಾವಳಿಯ ಉದ್ದಕ್ಕೂ ಓಡುತ್ತಿದ್ದ ಹಡಗುಗಳು ಮಳೆಗಾಲದಲ್ಲಿ ನಿಲ್ಲುತ್ತಿದ್ದವು. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಹೋಟೆಲಿನ ಹುಡುಗನಿಗೆ ರಜೆ ಸಿಕ್ಕರೂ ಹಬ್ಬಕ್ಕೆ ಊರು ಮುಟ್ಟುವುದು ಸುಲಭವಿರಲಿಲ್ಲ. ಹಬ್ಬ ಇದ್ದಲ್ಲೇ ಆಗಬೇಕಿತ್ತು.

ಅದಕ್ಕೆ ಬೇಕಾದ ಕೂಟಗಳು ಬೇಗನೆ ಹುಟ್ಟಿದವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು. ದಕ್ಷಿಣ ಕನ್ನಡದ ಬ್ರಾಹ್ಮಣರ ಸಂಘ 1925ರದು, ಮೈಸೂರು ಅಸೋಸಿಯೇಶನ್ 1926ರದು, ಕರ್ನಾಟಕ ಸಂಘ 1933ರದು. ಧಾರವಾಡ, ಬೆಳಗಾವಿ, ವಿಜಾಪುರದವರಿಗೆ 1956ರವರೆಗೆ ಮುಂಬಯಿ ತಮ್ಮದೇ ಪ್ರಾಂತದ ರಾಜಧಾನಿ. ಮದರಾಸು ಪ್ರಾಂತದಿಂದ ಬಂದ ಮಂಗಳೂರು, ಉಡುಪಿಯವರಿಗೆ ಅದು ನಿಜಕ್ಕೂ ಪರಸ್ಥಳ. ಸಂಘ ಕಟ್ಟುವ ಹಟ ಈ ಕರಾವಳಿಗರಲ್ಲೇ ಹೆಚ್ಚು ಕಂಡದ್ದು ಆಶ್ಚರ್ಯವಲ್ಲ.

ಊರಿನ ಚೌತಿ ಬಹುಮಟ್ಟಿಗೆ ಮನೆಯೊಳಗಿನ ಹಬ್ಬ. ಮುಂಬಯಿಯಲ್ಲಿ ಅದು ಬೀದಿಯ ಹಬ್ಬ. ತಿಲಕರ ಪ್ರೇರಣೆಯಿಂದ 1893ರಲ್ಲಿ ಗಿರಗಾಂವದ ಕೇಶವಜಿ ನಾಯಕ್ ಚಾಳಿನಲ್ಲಿ ಗಣಪತಿಯನ್ನು ಸಾರ್ವಜನಿಕವಾಗಿ ಕೂರಿಸಿದರು; ಲಾಲ್‌ಬಾಗಿನ ಗಣಪತಿ 1934ರಲ್ಲಿ ಶುರುವಾಯಿತು. ಮಾಟುಂಗದಲ್ಲಿ ಎ. ರಾಮ ನಾಯಕ್ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆಯುವ ಹೊತ್ತಿಗೆ ಆ ಸುತ್ತಮುತ್ತ ದಕ್ಷಿಣದವರ ನೆಲೆ ಗಟ್ಟಿಯಾಗಿತ್ತು. ಅಲ್ಲೇ ಹತ್ತಿರದ ಕಿಂಗ್ಸ್ ಸರ್ಕಲ್‌ನಲ್ಲಿ ಗೌಡ ಸಾರಸ್ವತ ಬ್ರಾಹ್ಮಣರ ಸೇವಾ ಮಂಡಲ 1955ರಲ್ಲಿ ಗಣೇಶೋತ್ಸವ ಆರಂಭಿಸಿತು. ಪೆಂಡಾಲು, ಸರದಿ ಸಾಲು ಮುಂಬಯಿಯ ರೀತಿಯವು. ಮಣ್ಣಿನ ಮೂರ್ತಿ, ತುಲಾಭಾರ, ಬಾಳೆಲೆಯ ಊಟ ಊರಿನವು. ಹತ್ತು ದಿನ ಕಾಯದೆ ಐದನೆಯ ದಿನವೇ ವಿಸರ್ಜನೆ. 2024ರಲ್ಲಿ ಈ ಉತ್ಸವಕ್ಕೆ 400.58 ಕೋಟಿ ರೂಪಾಯಿಯ ವಿಮೆ ಮಾಡಿಸಿದ್ದು ದೇಶದಲ್ಲೆಲ್ಲ ಸುದ್ದಿಯಾಯಿತು. ಸುದ್ದಿ ಓದಿದವರ ಕಣ್ಣು ದೇವರ ಚಿನ್ನದ ಮೇಲಿತ್ತು. ಆದರೆ ವಿಮೆಯ ಬಹುಪಾಲು ಸ್ವಯಂಸೇವಕರು, ಪುರೋಹಿತರು, ಅಡುಗೆಯವರ ಅಪಘಾತ ವಿಮೆ.

ಅಷ್ಟಮಿಯ ಮರುದಿನ ಉಡುಪಿಯಲ್ಲಿ ವಿಟ್ಲಪಿಂಡಿ, ಮುಂಬಯಿಯಲ್ಲಿ ದಹಿ ಹಂಡಿ. ಎರಡೂ ಮಡಕೆ ಒಡೆಯುವ ಆಟಗಳೇ. ಹಾಗಾಗಿ ದಕ್ಷಿಣ ಕನ್ನಡದ ಬ್ರಾಹ್ಮಣರ ಸಂಘದ ಸಾಯನ್‌ನ ಗೋಕುಲದಲ್ಲಾಗಲಿ, ಸಾಂತಾಕ್ರೂಜಿನ ಪೇಜಾವರ ಮಠದಲ್ಲಾಗಲಿ ಕೃಷ್ಣಾಷ್ಟಮಿಗೆ ಸೇರುವವರು ನಗರದಿಂದ ಬೇರೆಯಾಗಿ ನಿಲ್ಲಬೇಕಾಗಿಲ್ಲ.

ಯಕ್ಷಗಾನಕ್ಕೆ ಮಳೆ ಉಪಕಾರವನ್ನೇ ಮಾಡಿತು. ಮಳೆಗಾಲಕ್ಕೆ ಮುನ್ನ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಳದ ಕಲಾವಿದರು ಮುಂದಿನ ತಿರುಗಾಟದವರೆಗೆ ಬಿಡುವಾಗಿರುತ್ತಾರೆ. ಆ ತಿಂಗಳುಗಳಲ್ಲಿ ತಂಡ ಕಟ್ಟಿಕೊಂಡು ಮುಂಬಯಿಗೆ ಬರುವುದು ರೂಢಿಯಾಯಿತು. ಬಯಲಲ್ಲಿ ಬೆಳಗಿನವರೆಗೆ ನಡೆಯುತ್ತಿದ್ದ ಪ್ರಸಂಗ ಇಲ್ಲಿ ಸಭಾಗೃಹದ ಮೂರು ನಾಲ್ಕು ಗಂಟೆಗೆ ಕುಗ್ಗಿತು. ಕೊನೆಯ ಲೋಕಲ್ ರೈಲು ಯಾರಿಗೂ ಕಾಯುವುದಿಲ್ಲವಲ್ಲ.

ಎಲ್ಲಕ್ಕಿಂತ ವಿಚಿತ್ರವಾದ ಬದಲಾವಣೆ ಆಟಿಯದು. ತುಳುನಾಡಿನಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಈ ತಿಂಗಳು ಕಷ್ಟದ ತಿಂಗಳು: ಮದುವೆಯಿಲ್ಲ, ಕಣಜ ಬರಿದು, ಹೊರಗೆ ಜಡಿಮಳೆ. ಕೆಸುವಿನ ಎಲೆಯ ಪತ್ರೊಡೆ, ಎಳೆ ಬಿದಿರಿನ ಕಣಿಲೆ, ತಜಂಕು ಸೊಪ್ಪಿನ ಪಲ್ಯ ಆಗ ಸುಲಭವಾಗಿ ಸಿಗುತ್ತಿದ್ದದ್ದನ್ನೇ ಬೇಯಿಸಿದ ಅಡುಗೆ. ಮುಂಬಯಿಯ ತುಳು-ಕನ್ನಡ ಸಂಘಗಳು ಇದನ್ನೇ ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಎಂದು ಭಾನುವಾರದ ಕೂಟವಾಗಿಸಿವೆ. ಹಸಿವಿನ ಅಡುಗೆ ಹಬ್ಬದೂಟವಾಯಿತು; ಊರಲ್ಲಿ ಹಬ್ಬವೇ ಅಲ್ಲದ್ದು ಪರವೂರಲ್ಲಿ ಹಬ್ಬವಾಯಿತು.

ಊರಿನಿಂದ ತಂದದ್ದಷ್ಟೇ ಅಲ್ಲ, ಮಳೆಗಾಲದ ಆಚೆಗೆ ನಗರದಿಂದ ತೆಗೆದುಕೊಂಡದ್ದೂ ಇದೆ. ಮಕರ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮರಾಠಿ ಹೆಂಗಸರು ನಡೆಸುವ ಹಳದಿ-ಕುಂಕು, ಬಂಟರ, ಬಿಲ್ಲವರ ಸಂಘಗಳ ಮಹಿಳಾ ವಿಭಾಗಗಳಲ್ಲಿ ‘ಅರಸಿನ ಕುಂಕುಮ’ ಎಂಬ ಹೆಸರಿನಲ್ಲಿ ನಡೆಯುತ್ತದೆ. ಎಳ್ಳುಂಡೆಯ ಜೊತೆ ಕೈಗೊಂದು ಉಡುಗೊರೆ ಕೊಡುವ ಮರಾಠಿ ಪದ್ಧತಿಯೂ ಅದರೊಂದಿಗೇ ಬಂದಿದೆ.